ಅರ್ಸುಲಾ ಕೆ. ಲೆ ಗ್ವಿನ್

ಅರ್ಸುಲಾ ಕ್ರೋಬರ್ ಲೆ ಗ್ವಿನ್ (21 ಅಕ್ಟೋಬರ್ 1929 – 22 ಜನವರಿ 2018) ಅಮೆರಿಕದ ಕಾದಂಬರಿಕಾರ್ತಿ, ಕಥೆಗಾರ್ತಿ, ಕವಯಿತ್ರಿ ಮತ್ತು ಪ್ರಬಂಧಕಾರ್ತಿ. ಅರ್ಥ್‌ಸೀ ಎಂಬ ಕಲ್ಪಿತ ದ್ವೀಪಲೋಕದ ಫ್ಯಾಂಟಸಿ ಕೃತಿಗಳು ಮತ್ತು ಹೈನಿಷ್ ಕೃತಿಗಳೆಂದು ಹೆಸರಾದ ವಿಜ್ಞಾನ ಕಾದಂಬರಿಗಳು ಇವರ ಮುಖ್ಯ ಕೊಡುಗೆ. ಸುಮಾರು ಆರು ದಶಕಗಳ ಬರವಣಿಗೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳು, ನೂರಕ್ಕೂ ಹೆಚ್ಚು ಸಣ್ಣಕಥೆಗಳು, ಹಲವು ಕವನ ಸಂಕಲನಗಳು, ಪ್ರಬಂಧ ಸಂಪುಟಗಳು, ಮಕ್ಕಳ ಪುಸ್ತಕಗಳು ಮತ್ತು ಅನುವಾದಗಳು ಪ್ರಕಟವಾದವು. ತಾವು ಕಟ್ಟಿದ ಲೋಕಕ್ಕೆ ಹತ್ತಾರು ವರ್ಷಗಳ ಬಳಿಕ ಮರಳಿ ಹೋಗಿ, ಹಿಂದೆ ಕಾಣದೆ ಬಿಟ್ಟದ್ದನ್ನು ಹುಡುಕಿ ಹೊಸ ಕೃತಿಯನ್ನಾಗಿ ಬರೆದದ್ದು ಇವರ ಸಾಹಿತ್ಯ ಜೀವನದ ವಿಶೇಷ.

ಈ ಲೇಖನದಲ್ಲಿ ‘ಫ್ಯಾಂಟಸಿ’ ಎಂದರೆ ಮಾಂತ್ರಿಕ ನಿಯಮಗಳಿಗೆ ಒಳಪಟ್ಟ ಕಲ್ಪಿತ ಲೋಕದ ಕಥನ. ‘ವಿಜ್ಞಾನ ಕಾದಂಬರಿ’ ಎಂದರೆ ವಿಜ್ಞಾನದ ಅಥವಾ ಸಮಾಜಶಾಸ್ತ್ರದ ಊಹೆಯೊಂದನ್ನು ಹಿಡಿದು ಬೇರೆ ಕಾಲವನ್ನೋ ಬೇರೆ ಗ್ರಹವನ್ನೋ ಚಿತ್ರಿಸುವ ಕಥನ. ಲೆ ಗ್ವಿನ್ ಎರಡರಲ್ಲೂ ಬರೆದರು. ಈ ವರ್ಗೀಕರಣದ ನೆಪದಲ್ಲಿ ವಿಮರ್ಶಕರು ಎರಡನ್ನೂ ಕೀಳಾಗಿ ಕಾಣುವುದನ್ನು ಕೊನೆಯವರೆಗೂ ವಿರೋಧಿಸಿದರು.

ಮನೆತನ ಮತ್ತು ಬಾಲ್ಯ

ಅರ್ಸುಲಾ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ತಂದೆ ಆಲ್ಫ್ರೆಡ್ ಲೂಯಿಸ್ ಕ್ರೋಬರ್ ಅಮೆರಿಕದಲ್ಲಿ ಮಾನವಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಫ್ರಾನ್ಜ್ ಬೋಆಸ್ ಅವರ ಮಾರ್ಗದರ್ಶನದಲ್ಲಿ 1901ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಭಾಷೆ, ಕಥೆ, ಆಚಾರಗಳನ್ನು ದಾಖಲಿಸುವುದಕ್ಕೆ ಬದುಕನ್ನು ಮೀಸಲಿಟ್ಟವರು. ತಾಯಿ ಥಿಯೊಡೋರಾ ಕ್ರೋಬರ್ ‘ಇಶಿ ಇನ್ ಟೂ ವರ್ಲ್ಡ್ಸ್’ (1961) ಎಂಬ ಜೀವನಚರಿತ್ರೆಯ ಲೇಖಕಿ. ಇಶಿ ಯಾಹಿ ಬುಡಕಟ್ಟಿನ ಕೊನೆಯ ವ್ಯಕ್ತಿ. 1911ರಲ್ಲಿ ಕ್ಯಾಲಿಫೋರ್ನಿಯಾದ ಒರೊವಿಲ್ ಎಂಬಲ್ಲಿ ಕಾಣಿಸಿಕೊಂಡ ಆತ 1916ರಲ್ಲಿ ಸಾಯುವವರೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿದ್ದ. ತನ್ನ ಸ್ವಂತ ಹೆಸರನ್ನು ಯಾರಿಗೂ ಹೇಳಲಿಲ್ಲ. ‘ಇಶಿ’ ಎನ್ನುವುದು ಆಲ್ಫ್ರೆಡ್ ಕ್ರೋಬರ್ ಇಟ್ಟ ಹೆಸರು. ಇದೆಲ್ಲ ಅರ್ಸುಲಾ ಹುಟ್ಟುವ ಮೊದಲೇ ನಡೆದದ್ದಾದರೂ, ಹೆಸರನ್ನು ಗುಟ್ಟಾಗಿ ಕಾಯುವ ಜನರನ್ನು ಮುಂದೆ ಕಾದಂಬರಿಯಲ್ಲಿ ತಂದ ಲೇಖಕಿಯ ಹಿನ್ನೆಲೆಯಲ್ಲಿ ಗಮನಿಸಬೇಕಾದ ಸಂಗತಿ.

ಮೂವರು ಅಣ್ಣಂದಿರ ನಡುವೆ ಬೆಳೆದ ಅರ್ಸುಲಾಗೆ ಮನೆಯೇ ಮೊದಲ ಪಾಠಶಾಲೆ. ಬೇಸಿಗೆಯನ್ನು ಕುಟುಂಬ ನಾಪಾ ಕಣಿವೆಯ ಕಿಶಮಿಶ್ ಎಂಬ ತೋಟದ ಮನೆಯಲ್ಲಿ ಕಳೆಯುತ್ತಿತ್ತು. ವಿದ್ವಾಂಸರೂ ಮೂಲನಿವಾಸಿ ಗೆಳೆಯರೂ ಅಲ್ಲಿ ವಾರಗಟ್ಟಲೆ ಉಳಿಯುತ್ತಿದ್ದರು. ಭೌತವಿಜ್ಞಾನಿ ರಾಬರ್ಟ್ ಒಪನ್‌ಹೈಮರ್ ಕುಟುಂಬದ ಪರಿಚಿತರು. ‘ದ ಡಿಸ್ಪೊಸೆಸ್ಡ್’ ಕಾದಂಬರಿಯ ನಾಯಕ ಶೆವೆಕ್‌ನನ್ನು ರೂಪಿಸುವಾಗ ಅವರೇ ಮನಸ್ಸಿನಲ್ಲಿದ್ದರೆಂದು ಲೆ ಗ್ವಿನ್ ಹೇಳಿದ್ದಾರೆ. ನಾರ್ಸ್ ಪುರಾಣಗಳು, ಲಾರ್ಡ್ ಡನ್ಸನಿಯ ಕಥೆಗಳು, ಅಗ್ಗದ ವಿಜ್ಞಾನ ಕಥಾ ಪತ್ರಿಕೆಗಳು ಎಳೆತನದ ಓದು. ತಂದೆಯ ಬಳಿ ಇದ್ದ ಪಾಲ್ ಕೇರಸ್ ಸಂಪಾದಿತ ‘ತಾವೊ ತೆ ಚಿಂಗ್’ ಬಾಲ್ಯದಲ್ಲೇ ಕೈಗೆ ಸಿಕ್ಕಿತು. ಆ ಗ್ರಂಥದ ಒಡನಾಟ ಜೀವನವಿಡೀ ಉಳಿದು, 1997ರಲ್ಲಿ ಅವರದೇ ಇಂಗ್ಲಿಷ್ ರೂಪಾಂತರವಾಗಿ ಹೊರಬಂತು. ಹನ್ನೊಂದನೆಯ ವಯಸ್ಸಿನಲ್ಲಿ ‘ಅಸ್ಟೌಂಡಿಂಗ್ ಸೈನ್ಸ್ ಫಿಕ್ಷನ್’ ಪತ್ರಿಕೆಗೆ ಕಳಿಸಿದ ಕಥೆ ತಿರಸ್ಕೃತವಾಯಿತು.

ಶಿಕ್ಷಣ ಮತ್ತು ಮದುವೆ

1951ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜಿನಿಂದ ಪದವಿ, 1952ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದರು. ನವೋದಯ ಯುಗದ ಫ್ರೆಂಚ್ ಮತ್ತು ಇಟಾಲಿಯನ್ ಸಾಹಿತ್ಯ ಅಧ್ಯಯನದ ವಿಷಯ. 1953ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಫ್ರಾನ್ಸಿಗೆ ಹೊರಟಾಗ ‘ಕ್ವೀನ್ ಮೇರಿ’ ಹಡಗಿನಲ್ಲಿ ಇತಿಹಾಸದ ವಿದ್ಯಾರ್ಥಿ ಚಾರ್ಲ್ಸ್ ಲೆ ಗ್ವಿನ್ ಅವರ ಪರಿಚಯವಾಗಿ, ಅದೇ ವರ್ಷ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಮದುವೆಯಾಯಿತು. ಅರ್ಸುಲಾ ಡಾಕ್ಟರೇಟ್ ಅಧ್ಯಯನವನ್ನು ಅಲ್ಲಿಗೇ ಬಿಟ್ಟರು. ಚಾರ್ಲ್ಸ್ ಅವರಿಗೆ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಅಧ್ಯಾಪಕ ಹುದ್ದೆ ದೊರೆತು, 1950ರ ದಶಕದ ಕೊನೆಯಿಂದ ದಂಪತಿ ಅಲ್ಲೇ ನೆಲೆಸಿದರು. ಮೂವರು ಮಕ್ಕಳು. ಮಕ್ಕಳು ಮಲಗಿದ ಮೇಲೆ ರಾತ್ರಿ ಕುಳಿತು ಬರೆಯುವುದು ಆ ವರ್ಷಗಳ ರೂಢಿಯಾಗಿತ್ತು.

ಬರವಣಿಗೆಯ ಆರಂಭ

1951ರಿಂದ 1961ರವರೆಗೆ ಬರೆದ ಐದು ಕಾದಂಬರಿಗಳನ್ನು ಪ್ರಕಾಶಕರು ಹಿಂದಿರುಗಿಸಿದರು. ಒರ್ಸಿನಿಯಾ ಎಂಬ ಕಲ್ಪಿತ ಮಧ್ಯ ಯೂರೋಪಿನ ದೇಶದಲ್ಲಿ ನಡೆಯುವ ಅವು ವಾಸ್ತವ ಕಾದಂಬರಿಯ ಸಾಲಿಗೂ ಫ್ಯಾಂಟಸಿಯ ಸಾಲಿಗೂ ಸೇರುತ್ತಿರಲಿಲ್ಲ. ಆ ಲೋಕದ ಬರಹ ‘ಒರ್ಸಿನಿಯನ್ ಟೇಲ್ಸ್’ (1976), ‘ಮಲಾಫ್ರೆನಾ’ (1979) ಎಂಬ ಹೆಸರಿನಲ್ಲಿ ಪುಸ್ತಕವಾದದ್ದು ಲೇಖಕಿಗೆ ಹೆಸರು ಬಂದ ಮೇಲೆ. ಹತ್ತು ವರ್ಷ ಬಾಗಿಲು ತೆರೆಯದಿದ್ದಾಗ ಅವರು ವಿಜ್ಞಾನ ಕಥಾ ಪತ್ರಿಕೆಗಳತ್ತ ತಿರುಗಿದರು. ಸೀಲ್ ಗೋಲ್ಡ್‌ಸ್ಮಿತ್ ಸಂಪಾದಿಸುತ್ತಿದ್ದ ‘ಫೆಂಟಾಸ್ಟಿಕ್’ ಪತ್ರಿಕೆಯಲ್ಲಿ 1962ರಲ್ಲಿ ‘ಏಪ್ರಿಲ್ ಇನ್ ಪ್ಯಾರಿಸ್’ ಕಥೆ ಬಂತು. 1964ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ‘ದ ವರ್ಡ್ ಆಫ್ ಅನ್‌ಬೈಂಡಿಂಗ್’ ಮತ್ತು ‘ದ ರೂಲ್ ಆಫ್ ನೇಮ್ಸ್’ ಕಥೆಗಳಲ್ಲಿ ಅರ್ಥ್‌ಸೀ ಮೊದಲ ಬಾರಿ ಕಾಣಿಸಿತು.

ಮೊದಲ ಕಾದಂಬರಿ ‘ರೊಕ್ಯಾನನ್ಸ್ ವರ್ಲ್ಡ್’ (1966) ಇನ್ನೊಬ್ಬ ಲೇಖಕರ ಕಾದಂಬರಿಯೊಡನೆ ಬೆನ್ನಿಗೆ ಬೆನ್ನು ಹಚ್ಚಿ ಹೊಲಿದ ಅಗ್ಗದ ಜೋಡಿ ಪುಸ್ತಕವಾಗಿ ಬಂತು. ನಕ್ಷತ್ರಗಳ ನಡುವೆ ತಡವಿಲ್ಲದೆ ಸಂದೇಶ ಕಳಿಸುವ ಯಂತ್ರಕ್ಕೆ ಇದರಲ್ಲಿ ಇಟ್ಟ ‘ಆನ್ಸಿಬಲ್’ ಎಂಬ ಹೆಸರನ್ನು ಅನಂತರ ಅನೇಕ ವಿಜ್ಞಾನ ಕಾದಂಬರಿಕಾರರು ತಮ್ಮದನ್ನಾಗಿ ಮಾಡಿಕೊಂಡರು. 1969ರಲ್ಲಿ ಒಂದು ಪುರುಷರ ಮಾಸಪತ್ರಿಕೆ ಇವರ ‘ನೈನ್ ಲೈವ್ಸ್’ ಕಥೆಯನ್ನು ಯು. ಕೆ. ಲೆ ಗ್ವಿನ್ ಎಂಬ ಹೆಸರಿನಲ್ಲಿ ಅಚ್ಚು ಮಾಡಿತು. ಲೇಖಕಿ ಹೆಣ್ಣೆಂದು ಓದುಗರಿಗೆ ಗೊತ್ತಾಗುವುದು ಸಂಪಾದಕರಿಗೆ ಬೇಡವಾಗಿತ್ತು.

ಅರ್ಥ್‌ಸೀ

1967ರಲ್ಲಿ ಬರ್ಕ್ಲಿಯ ಪರ್ನಾಸಸ್ ಪ್ರೆಸ್ಸಿನ ಹರ್ಮನ್ ಶೈನ್ ಬೆಳೆಯುವ ಮಕ್ಕಳಿಗೆ ಒಂದು ಪುಸ್ತಕ ಬರೆದುಕೊಡಬೇಕೆಂದು ಕೇಳಿದರು. ಕಥೆಗಳಲ್ಲಿ ಮಾಂತ್ರಿಕರು ಯಾವಾಗಲೂ ಬಿಳಿಗಡ್ಡದ ಮುದುಕರಾಗಿಯೇ ಇರುತ್ತಾರೆ, ಅವರೂ ಒಮ್ಮೆ ಹುಡುಗರಾಗಿದ್ದಿರಬೇಕಲ್ಲ, ಆ ವಿದ್ಯೆಯನ್ನು ಎಲ್ಲಿ ಕಲಿತರು ಎಂಬ ಯೋಚನೆಯಿಂದ ಕಾದಂಬರಿ ಹುಟ್ಟಿತು. ಲೆ ಗ್ವಿನ್ ಮೊದಲು ನಕ್ಷೆ ಬರೆದರು, ದ್ವೀಪಗಳಿಗೆ ಹೆಸರಿಟ್ಟರು, ಆಮೇಲೆ ಕಥೆ ಬರೆದರು. ರೂತ್ ರಾಬಿನ್ಸ್ ಅವರ ಚಿತ್ರಗಳೊಡನೆ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ 1968ರಲ್ಲಿ ಪ್ರಕಟವಾಯಿತು. ಮಾಂತ್ರಿಕರ ಶಾಲೆಯೊಂದನ್ನು ಕಥೆಯ ಕೇಂದ್ರದಲ್ಲಿಟ್ಟ ಈ ಕೃತಿ ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕಕ್ಕಿಂತ 29 ವರ್ಷ ಹಿಂದಿನದು.

ಅರ್ಥ್‌ಸೀ ಒಂದು ದೊಡ್ಡ ದ್ವೀಪಸ್ತೋಮ. ಜನ ದೋಣಿಗಳಲ್ಲಿ ಓಡಾಡುತ್ತಾರೆ, ಮೀನು ಹಿಡಿಯುತ್ತಾರೆ, ಆಡು ಮೇಯಿಸುತ್ತಾರೆ. ಹೆಚ್ಚಿನವರ ಮೈಬಣ್ಣ ಕಂದು, ತಾಮ್ರಗೆಂಪು ಅಥವಾ ಕಪ್ಪು. ಬಿಳಿಯರು ಹೆಚ್ಚಾಗಿ ಪೂರ್ವದ ಕರ್ಗಾಡ್ ದ್ವೀಪಗಳಲ್ಲಿ ಇದ್ದಾರೆ, ಮೊದಲ ಅಧ್ಯಾಯದಲ್ಲಿ ಅವರು ಬರುವುದು ಊರು ಸುಡುವ ದಾಳಿಕೋರರಾಗಿ. 1968ರ ಇಂಗ್ಲಿಷ್ ಫ್ಯಾಂಟಸಿಯಲ್ಲಿ ನಾಯಕ ಬಿಳಿಯನಾಗಿರುವುದು ಎಷ್ಟು ಸಹಜವಾಗಿತ್ತೆಂದರೆ, ಹಲವು ಮುಖಪುಟ ಚಿತ್ರಕಾರರು ಈ ಕಾದಂಬರಿಯ ನಾಯಕ ಗೆಡ್‌ನನ್ನೂ ಬಿಳಿಯನನ್ನಾಗಿಯೇ ಬರೆದರು. ಲೇಖಕಿ ಇದಕ್ಕೆ ವರ್ಷಾನುಗಟ್ಟಲೆ ತಕರಾರು ಮಾಡಬೇಕಾಯಿತು.

ಈ ಲೋಕದ ಮಂತ್ರವಿದ್ಯೆ ಎರಡು ಕಟ್ಟುಗಳ ಮೇಲೆ ನಿಂತಿದೆ. ಮೊದಲನೆಯದು ನಿಜನಾಮ. ಕಲ್ಲು, ಹಕ್ಕಿ, ಗಾಳಿ, ಮನುಷ್ಯ ಎಲ್ಲಕ್ಕೂ ಸೃಷ್ಟಿಯ ಆದಿಭಾಷೆಯಲ್ಲಿ ಒಂದೊಂದು ಹೆಸರಿದೆ. ಆ ಹೆಸರನ್ನು ಬಲ್ಲವನಿಗೆ ಆ ವಸ್ತುವಿನ ಮೇಲೆ ಹಿಡಿತವಿರುತ್ತದೆ. ಆದ್ದರಿಂದ ಜನ ನಿಜನಾಮವನ್ನು ಬಚ್ಚಿಟ್ಟು ಬಳಕೆಯ ಹೆಸರಿನಿಂದ ಬಾಳುತ್ತಾರೆ. ಡ್ರ್ಯಾಗನ್ನುಗಳಿಗೆ ಮಾತ್ರ ಆದಿಭಾಷೆಯೇ ತಾಯಿನುಡಿ. ಎರಡನೆಯದು ಸಮತೋಲ. ಒಂದು ದೀಪ ಹೊತ್ತಿಸಿದರೂ ಎಲ್ಲೋ ಒಂದು ನೆರಳು ಬೀಳುತ್ತದೆ. ಇಲ್ಲಿ ಮಳೆ ತರಿಸಿದರೆ ಇನ್ನೆಲ್ಲೋ ಬರ ಬೀಳಬಹುದು. ರೋಕ್ ದ್ವೀಪದ ಶಾಲೆಯಲ್ಲಿ ಒಂಬತ್ತು ಗುರುಗಳು ಕಲಿಸುವ ವಿದ್ಯೆಯ ತಿರುಳು, ಯಾವಾಗ ಶಕ್ತಿಯನ್ನು ಬಳಸಬಾರದು ಎಂಬುದು. ತಾವೊ ಚಿಂತನೆಯ ನೆರಳು ಇಲ್ಲಿ ಸ್ಪಷ್ಟ.

ನಾಯಕನ ನಾಮಕರಣದ ಪ್ರಸಂಗದಲ್ಲಿ ಈ ವ್ಯವಸ್ಥೆ ಹೇಗೆ ಕಥೆಯಾಗುತ್ತದೆ ಎಂಬುದನ್ನು ಕಾಣಬಹುದು. ಗಾಂಟ್ ದ್ವೀಪದ ಆಡು ಕಾಯುವ ಹುಡುಗನಿಗೆ ಹದಿಮೂರು ತುಂಬಿದ ದಿನ, ಮಾಟಗಾತಿಯಾದ ದೊಡ್ಡಮ್ಮ ಅವನ ಎಳೆತನದ ಹೆಸರನ್ನು ಹಿಂದಕ್ಕೆ ಪಡೆಯುತ್ತಾಳೆ. ಹೆಸರಿಲ್ಲದೆ, ಬರಿಮೈಯಲ್ಲಿ ಅವನು ನದಿ ಹುಟ್ಟುವ ಕಡೆಯ ಕೊರೆಯುವ ನೀರನ್ನು ದಾಟಬೇಕು. ನಡುಗುತ್ತಿದ್ದರೂ ಓಡುವಂತಿಲ್ಲ. ಆಚೆ ದಡದಲ್ಲಿ ಕಾದಿದ್ದ ಮಾಂತ್ರಿಕ ಓಜಿಯನ್ ಅವನ ತೋಳು ಹಿಡಿದು ‘ಗೆಡ್’ ಎಂಬ ನಿಜನಾಮವನ್ನು ಪಿಸುಗುಟ್ಟುತ್ತಾನೆ. ಕೆಲವೇ ಸಾಲುಗಳ ಈ ವಿವರದಲ್ಲಿ ವಯಸ್ಸಿಗೆ ಬರುವ ಸಂಸ್ಕಾರವೊಂದನ್ನು ಹತ್ತಿರದಿಂದ ಬಲ್ಲವರ ಕೈ ಕಾಣುತ್ತದೆ.

ಪ್ರತಿಭೆಯ ಸೊಕ್ಕಿನಲ್ಲಿ ಗೆಡ್ ಶಾಲೆಯಲ್ಲಿ ಸತ್ತವರ ಲೋಕದಿಂದ ಒಂದು ಆತ್ಮವನ್ನು ಕರೆಯಲು ಹೋಗಿ ಒಂದು ನೆರಳನ್ನು ಹೊರಬಿಡುತ್ತಾನೆ. ಅದು ಅವನನ್ನು ಬೆನ್ನಟ್ಟುತ್ತದೆ, ಆಮೇಲೆ ಅವನೇ ಅದನ್ನು ಬೆನ್ನಟ್ಟುತ್ತಾನೆ. ಕೊನೆಗೆ ಎದುರುಬದುರಾದಾಗ ಅದಕ್ಕೆ ತನ್ನದೇ ಹೆಸರನ್ನಿಟ್ಟು ಕರೆದು ಒಳಗೆ ಸೇರಿಸಿಕೊಳ್ಳುತ್ತಾನೆ. ಯುದ್ಧವಿಲ್ಲ, ಸೇನೆಯಿಲ್ಲ, ನಾಶವಾಗಬೇಕಾದ ದುಷ್ಟ ರಾಜನೂ ಇಲ್ಲ.

ಎರಡನೆಯ ಕಾದಂಬರಿ ‘ದ ಟೂಂಬ್ಸ್ ಆಫ್ ಅಟುವಾನ್’ (1971) ಕರ್ಗಾಡಿನ ಗೋರಿಗಳ ನೆಲದಡಿಯ ಕತ್ತಲೆಯಲ್ಲಿ ಪೂಜಾರಿಣಿಯಾಗಿ ಬೆಳೆದ ಟೆನಾರ್ ಎಂಬ ಹುಡುಗಿಯದು. ಮೂರನೆಯ ‘ದ ಫಾರ್ದೆಸ್ಟ್ ಶೋರ್’ (1972) ಸಾವನ್ನು ಒಪ್ಪದ ಮಾಂತ್ರಿಕನೊಬ್ಬ ಲೋಕದ ಬಾಳನ್ನೇ ಬತ್ತಿಸುವ ಕಥೆ. ಇದಕ್ಕೆ 1973ರಲ್ಲಿ ಮಕ್ಕಳ ಸಾಹಿತ್ಯ ವಿಭಾಗದ ನ್ಯಾಷನಲ್ ಬುಕ್ ಅವಾರ್ಡ್ ಬಂತು. ಮೂರೂ ಸೇರಿ ತ್ರಿವಳಿ ಮುಗಿಯಿತೆಂದೇ ಓದುಗರು ತಿಳಿದಿದ್ದರು.

ಹೈನಿಷ್ ಕೃತಿಗಳು

ಹೈನ್ ಎಂಬ ಗ್ರಹದ ಪ್ರಾಚೀನ ಜನ ಹಲವು ಗ್ರಹಗಳಲ್ಲಿ ಮನುಷ್ಯರನ್ನು ನೆಲೆಗೊಳಿಸಿ ಕಾಲಾಂತರದಲ್ಲಿ ಮರೆತುಬಿಟ್ಟಿದ್ದರು ಎಂಬ ಕಲ್ಪನೆ ಈ ಕೃತಿಗಳನ್ನು ಸಡಿಲವಾಗಿ ಹೆಣೆಯುತ್ತದೆ. ಗ್ರಹದಿಂದ ಗ್ರಹಕ್ಕೆ ಬೇರೆಯಾದ ಸಮಾಜವನ್ನು ಹೊರಗಿನಿಂದ ಬಂದ ಒಬ್ಬ ದೂತ ಅಥವಾ ವೀಕ್ಷಕ ಅರಿಯಲು ಹೆಣಗುವುದು ಇವುಗಳ ಸಾಮಾನ್ಯ ಚೌಕಟ್ಟು.

‘ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ (1969) ನಡೆಯುವುದು ಸದಾ ಹಿಮ ಕವಿದ ಗೆಥೆನ್ ಗ್ರಹದಲ್ಲಿ. ಅಲ್ಲಿನವರು ತಿಂಗಳ ಬಹುಪಾಲು ಗಂಡೂ ಅಲ್ಲ ಹೆಣ್ಣೂ ಅಲ್ಲ. ‘ಕೆಮ್ಮರ್’ ಎಂಬ ಕೆಲವು ದಿನಗಳಲ್ಲಿ ಮಾತ್ರ ಎರಡರಲ್ಲಿ ಒಂದಾಗುತ್ತಾರೆ, ಯಾವುದೆಂದು ಮೊದಲೇ ಹೇಳಲಾಗದು. ಮಕ್ಕಳನ್ನು ಹಡೆದವರೇ ಇನ್ನೊಮ್ಮೆ ಬೇರೆ ಮಕ್ಕಳಿಗೆ ತಂದೆಯಾಗಿರಬಹುದು. ಭೂಮಿಯಿಂದ ಬಂದ ದೂತ ಜೆನ್ಲಿ ಐ ಮತ್ತು ಗಡೀಪಾರಾದ ಪ್ರಧಾನಿ ಎಸ್ಟ್ರಾವೆನ್ ಜಾರುಬಂಡಿ ಎಳೆಯುತ್ತ ಹಿಮನದಿಯನ್ನು ದಾಟುವ ಭಾಗ ಕಾದಂಬರಿಯ ಜೀವ. ಇದಕ್ಕೆ ವಿಜ್ಞಾನ ಕಥಾ ಸಾಹಿತ್ಯದ ಹ್ಯೂಗೋ ಮತ್ತು ನೆಬ್ಯುಲಾ ಪ್ರಶಸ್ತಿಗಳೆರಡೂ ಬಂದವು. ಕಾದಂಬರಿ ವಿಭಾಗದಲ್ಲಿ ಎರಡನ್ನೂ ಗೆದ್ದ ಮೊದಲ ಮಹಿಳೆ ಲೆ ಗ್ವಿನ್.

‘ದ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್’ (1972) ಕಾಡು ಕಡಿಯುವ ವಸಾಹತುಗಾರರ ವಿರುದ್ಧ ಕಾಡಿನ ಜನ ಏಳುವ ಕಿರು ಕಾದಂಬರಿ. ವಿಯೆಟ್ನಾಂ ಯುದ್ಧದ ಮೇಲಿನ ಸಿಟ್ಟು ಇದನ್ನು ಬರೆಸಿತು. ‘ದ ಡಿಸ್ಪೊಸೆಸ್ಡ್’ (1974) ಅರಾಜಕವಾದಿಗಳು ಕಟ್ಟಿಕೊಂಡ, ಸೊತ್ತೂ ಸರ್ಕಾರವೂ ಇಲ್ಲದ ಬಡ ಗ್ರಹ ಅನಾರೆಸ್ ಮತ್ತು ಶ್ರೀಮಂತ ಗ್ರಹ ಉರಾಸ್‌ಗಳನ್ನು ಒಂದರ ಎದುರು ಒಂದಿಟ್ಟು ನೋಡುತ್ತದೆ. ಒಂದು ಅಧ್ಯಾಯ ಅಲ್ಲಿ, ಮುಂದಿನದು ಇಲ್ಲಿ. ಅನಾರೆಸ್ಸಿನಲ್ಲೂ ಗುಂಪಿನ ಒತ್ತಡ ಹೊಸ ಚಿಂತನೆಯನ್ನು ಹೇಗೆ ಉಸಿರುಗಟ್ಟಿಸುತ್ತದೆಂಬುದನ್ನು ಲೇಖಕಿ ಮುಚ್ಚಿಡುವುದಿಲ್ಲ. ಈ ಕಾದಂಬರಿಗೂ ಹ್ಯೂಗೋ, ನೆಬ್ಯುಲಾ ಎರಡೂ ದೊರೆತವು.

ಮರುನೋಟ

ಗೆಥೆನ್ ಜನರನ್ನು ಕಾದಂಬರಿಯುದ್ದಕ್ಕೂ ಪುಲ್ಲಿಂಗ ಸರ್ವನಾಮದಿಂದ ಕರೆದದ್ದರಿಂದ ಓದುಗರ ಕಣ್ಣಿಗೆ ಅವರು ಗಂಡಸರಂತೆಯೇ ಕಾಣುತ್ತಾರೆಂದು ಸ್ತ್ರೀವಾದಿ ವಿಮರ್ಶಕರು ಆಕ್ಷೇಪಿಸಿದರು. 1976ರ ‘ಈಸ್ ಜೆಂಡರ್ ನೆಸೆಸರಿ?’ ಪ್ರಬಂಧದಲ್ಲಿ ಲೆ ಗ್ವಿನ್ ತಮ್ಮ ಆಯ್ಕೆಯನ್ನು ಸಮರ್ಥಿಸಿದರು. ಸುಮಾರು ಹತ್ತು ವರ್ಷಗಳ ನಂತರ ಅದೇ ಪ್ರಬಂಧವನ್ನು ಮತ್ತೆ ಅಚ್ಚಿಗೆ ಕೊಟ್ಟಾಗ, ಹಳೆಯ ವಾಕ್ಯಗಳನ್ನು ಅಳಿಸದೆ ಪಕ್ಕದಲ್ಲೇ ಟಿಪ್ಪಣಿ ಬರೆದು ಆ ಸಮರ್ಥನೆಯನ್ನು ಹಿಂತೆಗೆದುಕೊಂಡರು. ಗೆಥೆನ್ ಗ್ರಹದ ‘ವಿಂಟರ್ಸ್ ಕಿಂಗ್’ ಕಥೆಯನ್ನು 1975ರ ಸಂಕಲನಕ್ಕಾಗಿ ಸ್ತ್ರೀಲಿಂಗ ಸರ್ವನಾಮ ಬಳಸಿ ತಿದ್ದಿದ್ದರು. 1995ರ ‘ಕಮಿಂಗ್ ಆಫ್ ಏಜ್ ಇನ್ ಕಾರ್ಹೈಡ್’ ಕಥೆಯಲ್ಲಿ ಆ ಲೋಕವನ್ನು ಅಲ್ಲಿನವರ ಕಣ್ಣಿಂದಲೇ, ಹೊರಗಿನ ದೂತನಿಲ್ಲದೆ ತೋರಿಸಿದರು.

ಅರ್ಥ್‌ಸೀಯ ಮರುನೋಟ ಇನ್ನೂ ಆಳವಾದದ್ದು. ಮೊದಲ ಮೂರು ಪುಸ್ತಕಗಳಲ್ಲಿ ರೋಕ್ ಶಾಲೆ ಗಂಡಸರಿಗಷ್ಟೇ ಮೀಸಲು, ಹೆಂಗಸರ ಮಂತ್ರವಿದ್ಯೆ ಊರ ಮಾಟಗಾತಿಯರ ಮಟ್ಟದ್ದು. 18 ವರ್ಷಗಳ ಅಂತರದ ನಂತರ ಬಂದ ‘ತೆಹಾನು’ (1990) ಗಾಂಟ್ ದ್ವೀಪದ ರೈತ ವಿಧವೆಯಾಗಿರುವ ನಡುವಯಸ್ಸಿನ ಟೆನಾರ್‌ಳದು. ಶಕ್ತಿಯನ್ನೆಲ್ಲ ಕಳೆದುಕೊಂಡ ಗೆಡ್ ಅವಳ ಮನೆಗೆ ಬರುತ್ತಾನೆ. ಬೆಂಕಿಗೆ ಎಸೆಯಲ್ಪಟ್ಟು ಅರ್ಧ ಮುಖ ಸುಟ್ಟ ಬಾಲಕಿಯೊಬ್ಬಳು ಅವಳ ಮಡಿಲಲ್ಲಿದ್ದಾಳೆ. ಪಾತ್ರೆ ತೊಳೆಯುವುದು, ಆಡು ಕಾಯುವುದು, ಹೆದರಿದ ಮಗುವನ್ನು ಮಲಗಿಸುವುದು ಈ ಕಾದಂಬರಿಯ ಮುಖ್ಯ ಘಟನೆಗಳು. ಸಾಹಸವನ್ನು ಬಯಸಿದ ಹಳೆಯ ಓದುಗರಲ್ಲಿ ಹಲವರು ನಿರಾಶರಾದರು, ಕಾದಂಬರಿಗೆ ನೆಬ್ಯುಲಾ ಪ್ರಶಸ್ತಿ ಬಂತು. 1992ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ‘ಅರ್ಥ್‌ಸೀ ರಿವಿಷನ್ಡ್’ ಉಪನ್ಯಾಸದಲ್ಲಿ, ವೀರಗಾಥೆಯ ಪರಂಪರೆ ಗಂಡಿನ ಕಣ್ಣಿನದೆಂದೂ ತಾವೂ ಮೊದಲು ಅದೇ ಕಣ್ಣಿನಿಂದ ನೋಡಿದ್ದರೆಂದೂ ವಿವರಿಸಿದರು.

2001ರಲ್ಲಿ ಎರಡು ಪುಸ್ತಕಗಳು ಬಂದವು. ‘ಟೇಲ್ಸ್ ಫ್ರಮ್ ಅರ್ಥ್‌ಸೀ’ ಕಥಾ ಸಂಕಲನದ ‘ದ ಫೈಂಡರ್’ ಕಥೆ, ರೋಕ್ ಶಾಲೆಯನ್ನು ಕಟ್ಟಿದವರಲ್ಲಿ ಹೆಂಗಸರೂ ಇದ್ದರೆಂಬ ಅಳಿಸಿಹೋದ ಇತಿಹಾಸವನ್ನು ಹೊರತೆಗೆಯುತ್ತದೆ. ‘ದ ಅದರ್ ವಿಂಡ್’ ಕಾದಂಬರಿಯಲ್ಲಿ ಮೂರನೆಯ ಪುಸ್ತಕದ ಒಣ ನೆಲದ ಪ್ರೇತಲೋಕವೇ ಹಿಂದಿನ ಮಾಂತ್ರಿಕರ ಒಂದು ತಪ್ಪೆಂದು ಬಯಲಾಗಿ, ಅದರ ಗೋಡೆ ಕುಸಿಯುತ್ತದೆ. ಹಿಂದೆ ಬರೆದದ್ದನ್ನು ಒಂದಕ್ಷರವೂ ಅಲ್ಲಗಳೆಯದೆ ಅದರ ಅರ್ಥವನ್ನೇ ತಿರುಗಿಸಿದ ಈ ಕೌಶಲಕ್ಕೆ ಆಧುನಿಕ ಫ್ಯಾಂಟಸಿಯಲ್ಲಿ ಸಾಟಿಯಾದ ಉದಾಹರಣೆಗಳು ವಿರಳ.

ಇತರ ಕೃತಿಗಳು

‘ದ ಲೇತ್ ಆಫ್ ಹೆವನ್’ (1971) ಕಾದಂಬರಿಯಲ್ಲಿ ಪೋರ್ಟ್‌ಲ್ಯಾಂಡಿನ ಸಾಮಾನ್ಯನೊಬ್ಬನ ಕನಸುಗಳು ನಿಜವಾಗಿ ಲೋಕವನ್ನೇ ಬದಲಿಸುತ್ತವೆ. ‘ದ ಒನ್ಸ್ ಹೂ ವಾಕ್ ಅವೇ ಫ್ರಮ್ ಒಮೆಲಾಸ್’ (1973) ಕೆಲವೇ ಪುಟಗಳ ಕಥೆ. ಒಂದು ಮಗು ಕತ್ತಲ ಕೋಣೆಯಲ್ಲಿ ನರಳುವುದರ ಮೇಲೆಯೇ ಇಡೀ ನಗರದ ಸುಖ ನಿಂತಿರುತ್ತದೆ. ಈ ಕಥೆ ನೀತಿಶಾಸ್ತ್ರದ ತರಗತಿಗಳಲ್ಲೂ ಚರ್ಚೆಯ ಪಠ್ಯವಾಗಿದೆ. ‘ಆಲ್ವೇಸ್ ಕಮಿಂಗ್ ಹೋಮ್’ (1985) ದೂರದ ಭವಿಷ್ಯದ ನಾಪಾ ಕಣಿವೆಯಲ್ಲಿ ಬಾಳುವ ಕೆಷ್ ಜನರ ಕಥೆ, ಹಾಡು, ನಕ್ಷೆ, ಅಡುಗೆ, ನಿಘಂಟುಗಳನ್ನು ಕ್ಷೇತ್ರಕಾರ್ಯದ ವರದಿಯಂತೆ ಜೋಡಿಸಿದ ಗ್ರಂಥ. ಟಾಡ್ ಬಾರ್ಟನ್ ಸಂಯೋಜಿಸಿದ ಸಂಗೀತದ ಕ್ಯಾಸೆಟ್ಟು ಪುಸ್ತಕದ ಜೊತೆಗೇ ಬಂತು. ತಂದೆಯ ಶಾಸ್ತ್ರಕ್ಕೆ ಮಗಳು ಅತ್ಯಂತ ಹತ್ತಿರ ಬಂದದ್ದು ಈ ಪುಸ್ತಕದಲ್ಲಿ.

ರೆಕ್ಕೆಯಿರುವ ಬೆಕ್ಕಿನಮರಿಗಳ ‘ಕ್ಯಾಟ್‌ವಿಂಗ್ಸ್’ (1988) ಮತ್ತು ಅದರ ಮುಂದಿನ ಮೂರು ಪುಸ್ತಕಗಳು ಚಿಕ್ಕ ಮಕ್ಕಳಿಗೆ. ‘ಗಿಫ್ಟ್ಸ್’ (2004), ‘ವಾಯ್ಸಸ್’ (2006), ‘ಪವರ್ಸ್’ (2007) ಸೇರಿದ ಪಶ್ಚಿಮ ತೀರದ ತ್ರಿವಳಿ ಹರೆಯದವರಿಗೆ. ಕೊನೆಯ ಕಾದಂಬರಿ ‘ಲವೀನಿಯಾ’ (2008) ವರ್ಜಿಲನ ಮಹಾಕಾವ್ಯದಲ್ಲಿ ಒಂದು ಮಾತೂ ಆಡದ ರಾಜಕುಮಾರಿಗೆ ಬಾಯಿ ಕೊಡುತ್ತದೆ. ಅರ್ಜೆಂಟೀನಾದ ಆಂಜೆಲಿಕಾ ಗೊರೊದಿಷರ್ ಅವರ ಫ್ಯಾಂಟಸಿ ‘ಕಲ್ಪಾ ಇಂಪೀರಿಯಲ್’ ಮತ್ತು ಚಿಲಿಯ ಗಾಬ್ರಿಯೆಲಾ ಮಿಸ್ತ್ರಾಲ್ ಅವರ ಕವಿತೆಗಳನ್ನು ಸ್ಪ್ಯಾನಿಷಿನಿಂದ ಅನುವಾದಿಸಿದರು.

ಪ್ರಬಂಧಗಳು ಮತ್ತು ಸಾರ್ವಜನಿಕ ನಿಲುವುಗಳು

‘ಫ್ರಮ್ ಎಲ್ಫ್‌ಲ್ಯಾಂಡ್ ಟು ಪೊಕಿಪ್ಸಿ’ (1973) ಫ್ಯಾಂಟಸಿಯಲ್ಲಿ ಶೈಲಿಯೇ ಲೋಕ, ಅಲ್ಲಿ ಪತ್ರಿಕಾ ಗದ್ಯ ಸಲ್ಲದು ಎಂದು ವಾದಿಸುತ್ತದೆ. ‘ದ ಲ್ಯಾಂಗ್ವೇಜ್ ಆಫ್ ದ ನೈಟ್’ (1979) ಫ್ಯಾಂಟಸಿ ವಿಮರ್ಶೆಯ ಮೊದಲ ಮುಖ್ಯ ಸಂಕಲನಗಳಲ್ಲಿ ಒಂದು. 1986ರ ‘ದ ಕ್ಯಾರಿಯರ್ ಬ್ಯಾಗ್ ಥಿಯರಿ ಆಫ್ ಫಿಕ್ಷನ್’ ಮನುಷ್ಯನ ಮೊದಲ ಸಾಧನ ಈಟಿಯಲ್ಲ, ಕಾಳು ತುಂಬಿಕೊಳ್ಳುವ ಚೀಲ ಎಂಬ ಮಾನವಶಾಸ್ತ್ರೀಯ ವಾದದಿಂದ ಹೊರಟು, ಕಾದಂಬರಿಯೂ ಬೇಟೆಯ ಕಥೆಯಾಗದೆ ಹಲವನ್ನು ಹಿಡಿದಿಡುವ ಚೀಲವಾಗಬಹುದು ಎನ್ನುತ್ತದೆ. ‘ಸ್ಟಿಯರಿಂಗ್ ದ ಕ್ರಾಫ್ಟ್’ (1998) ಬರವಣಿಗೆಯ ಅಭ್ಯಾಸಪುಸ್ತಕ.

ಪೋಲೆಂಡಿನ ಲೇಖಕ ಸ್ತಾನಿಸ್ಲಾವ್ ಲೆಮ್ ಅವರ ಗೌರವ ಸದಸ್ಯತ್ವವನ್ನು ಅಮೆರಿಕದ ವಿಜ್ಞಾನ ಕಥಾ ಲೇಖಕರ ಸಂಘ ಹಿಂತೆಗೆದುಕೊಂಡಾಗ, ಅದನ್ನು ಪ್ರತಿಭಟಿಸಿ ‘ದ ಡೈರಿ ಆಫ್ ದ ರೋಸ್’ ಕಥೆಗೆ ಬರಬೇಕಾಗಿದ್ದ ನೆಬ್ಯುಲಾವನ್ನು ಬಿಟ್ಟುಕೊಟ್ಟರು. 2009ರಲ್ಲಿ ಪುಸ್ತಕಗಳ ಡಿಜಿಟಲೀಕರಣದ ಒಪ್ಪಂದವನ್ನು ವಿರೋಧಿಸಿ ಲೇಖಕರ ಸಂಘಟನೆಯಾದ ಆಥರ್ಸ್ ಗಿಲ್ಡ್‌ಗೆ ರಾಜೀನಾಮೆ ನೀಡಿದರು. 2014ರ ನವೆಂಬರಿನಲ್ಲಿ ನ್ಯಾಷನಲ್ ಬುಕ್ ಫೌಂಡೇಷನ್ನಿನ ಪದಕ ಸ್ವೀಕರಿಸುತ್ತ ಮಾಡಿದ ಚಿಕ್ಕ ಭಾಷಣದಲ್ಲಿ, ಪುಸ್ತಕವನ್ನು ಬರೀ ಸರಕಾಗಿ ಮಾರುವ ವ್ಯವಹಾರವನ್ನು ಪ್ರಕಾಶಕರ ಎದುರಿಗೇ ಖಂಡಿಸಿದರು. ಆಗ ಅವರಿಗೆ 85 ವರ್ಷ.

ಚಲನಚಿತ್ರ ರೂಪಾಂತರಗಳು

‘ದ ಲೇತ್ ಆಫ್ ಹೆವನ್’ ಆಧರಿಸಿ 1980ರಲ್ಲಿ ಅಮೆರಿಕದ ಸಾರ್ವಜನಿಕ ದೂರದರ್ಶನ ಮಾಡಿದ ಚಿತ್ರದಲ್ಲಿ ಲೇಖಕಿಯ ಪಾಲೂ ಇತ್ತು. 2004ರ ಅರ್ಥ್‌ಸೀ ಕಿರುಸರಣಿಯಲ್ಲಿ ಗೆಡ್‌ನ ಪಾತ್ರಕ್ಕೆ ಬಿಳಿಯ ನಟನನ್ನು ಹಾಕಿದ್ದನ್ನು ಅವರು ಪತ್ರಿಕಾ ಲೇಖನದಲ್ಲಿ ಕಟುವಾಗಿ ಟೀಕಿಸಿದರು. ಜಪಾನಿನ ಸ್ಟುಡಿಯೊ ಜಿಬ್ಲಿ 2006ರಲ್ಲಿ ಗೊರೊ ಮಿಯಾಝಾಕಿ ನಿರ್ದೇಶನದಲ್ಲಿ ಅನಿಮೇಷನ್ ಚಿತ್ರ ತೆಗೆಯಿತು. ಅದರ ಚಿತ್ರಿಕೆಯನ್ನು ಮೆಚ್ಚಿದರೂ, ಕಥೆ ತಮ್ಮದಲ್ಲವೆಂಬುದು ಲೇಖಕಿಯ ನಿಲುವಾಗಿತ್ತು.

ಗೌರವಗಳು ಮತ್ತು ಪ್ರಭಾವ

ಎಂಟು ಹ್ಯೂಗೋ, ಆರು ನೆಬ್ಯುಲಾ ಪ್ರಶಸ್ತಿಗಳು ಇವರ ಹೆಸರಿನಲ್ಲಿವೆ. ‘ದ ಅದರ್ ವಿಂಡ್’ 2002ರ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಪಡೆಯಿತು. 2000ದಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ‘ಲಿವಿಂಗ್ ಲೆಜೆಂಡ್’ ಗೌರವ ನೀಡಿತು. ಅಮೆರಿಕದ ಶ್ರೇಷ್ಠ ಕೃತಿಗಳ ಮಾಲೆಯಾದ ಲೈಬ್ರರಿ ಆಫ್ ಅಮೆರಿಕ ಬದುಕಿರುವ ಲೇಖಕರನ್ನು ಸೇರಿಸಿಕೊಳ್ಳುವುದು ಅಪರೂಪ. ಅದು 2016ರಲ್ಲಿ ಇವರ ಒರ್ಸಿನಿಯಾ ಬರಹಗಳಿಂದಲೇ ಸಂಪುಟಗಳನ್ನು ಆರಂಭಿಸಿತು. ಹತ್ತು ವರ್ಷ ಯಾರೂ ಅಚ್ಚು ಮಾಡದಿದ್ದ ಲೋಕಕ್ಕೆ ಆ ಸ್ಥಾನ ಸಿಕ್ಕಿತು. ನೀಲ್ ಗೇಮನ್, ಡೇವಿಡ್ ಮಿಚೆಲ್, ಸಲ್ಮಾನ್ ರಶ್ದಿ ಮೊದಲಾದವರು ಇವರ ಋಣವನ್ನು ಹೇಳಿಕೊಂಡಿದ್ದಾರೆ. ಚೀಲದ ಪ್ರಬಂಧವನ್ನು ಚಿಂತಕಿ ಡಾನಾ ಹಾರವೇ ತಮ್ಮ ಬರಹಗಳಲ್ಲಿ ಮುಂದುವರಿಸಿದ್ದಾರೆ.

ಕೊನೆಯ ವರ್ಷಗಳು ಮತ್ತು ಅನಂತರ

‘ಲವೀನಿಯಾ’ದ ನಂತರ ಅವರು ಕಾದಂಬರಿ ಬರೆಯಲಿಲ್ಲ. ಕವಿತೆ, ವಿಮರ್ಶೆ, ಮುಪ್ಪಿನ ಕುರಿತ ಬರಹಗಳು ಕೊನೆಯವರೆಗೂ ನಡೆದವು. 2018ರ ಜನವರಿ 22ರಂದು ಪೋರ್ಟ್‌ಲ್ಯಾಂಡಿನ ಮನೆಯಲ್ಲಿ ತೀರಿಕೊಂಡರು. ಗೆಡ್‌ನ ಕೊನೆಯ ದಿನಗಳನ್ನು ಹೇಳುವ ‘ಫೈರ್‌ಲೈಟ್’ ಕಥೆ ಅದೇ ವರ್ಷ ಬೆಳಕು ಕಂಡಿತು. ಅರ್ಥ್‌ಸೀಯ ಎಲ್ಲ ಬರಹಗಳನ್ನೂ ಒಟ್ಟುಮಾಡಿದ ಸಂಪುಟ ಚಾರ್ಲ್ಸ್ ವೆಸ್ ಅವರ ಚಿತ್ರಗಳೊಡನೆ ಆ ವರ್ಷವೇ ಬಂತು. ಅದರಲ್ಲಿ ಗೆಡ್‌ನ ಮೈಬಣ್ಣ ಲೇಖಕಿ ಬರೆದಂತೆಯೇ ಇದೆ. ಅಮೆರಿಕದ ಅಂಚೆ ಇಲಾಖೆ 2021ರಲ್ಲಿ ಅವರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. 2022ರಿಂದ ಪ್ರತಿವರ್ಷ ಒಂದು ಕಥನ ಕೃತಿಗೆ 25,000 ಡಾಲರುಗಳ ಅರ್ಸುಲಾ ಕೆ. ಲೆ ಗ್ವಿನ್ ಪ್ರಶಸ್ತಿ ನೀಡಲಾಗುತ್ತಿದೆ. ಮೊದಲ ಪ್ರಶಸ್ತಿ ಕೀನ್ಯಾದ ಖದೀಜಾ ಅಬ್ದಲ್ಲಾ ಬಜಾಬೇರ್ ಅವರ ‘ದ ಹೌಸ್ ಆಫ್ ರಸ್ಟ್’ ಕಾದಂಬರಿಗೆ ಸಂದಿತು. ಪೋರ್ಟ್‌ಲ್ಯಾಂಡಿನ ಮನೆಯನ್ನು ಕುಟುಂಬದವರು ಬರಹಗಾರರು ತಂಗಿ ಬರೆಯುವ ನೆಲೆಯಾಗಲೆಂದು ಅಲ್ಲಿನ ಸಾಹಿತ್ಯ ಸಂಸ್ಥೆಯೊಂದಕ್ಕೆ ಕೊಟ್ಟಿದ್ದಾರೆ.